ಸಿರೊಟೋನಿನ್ ಕಮ್ಮಿಯಾಗಿ ಖಿನ್ನತೆ ಬರುತ್ತೆ ಅನ್ನೋದಕ್ಕೆ ಆಧಾರ ಏನು?

ಹೇಮಾವತಿ_ಬಯಲು

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಅನ್ನೋ ಮಾತ್ರೆ ತಗೋತಾ ಇದ್ದೀನಿ. ಮೊದಲ ದಿನ ಡಾಕ್ಟರು ಹೇಳಿದ್ದು ಇಷ್ಟೇ: ನಿಮ್ಮ ಮೆದುಳಲ್ಲಿ ಸಿರೊಟೋನಿನ್ ಅನ್ನೋ ಕೆಮಿಕಲ್ ಕಮ್ಮಿಯಾಗಿದೆ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹೇಗೋ ನಿಮಗೆ ಈ ಮಾತ್ರೆ ಹಾಗೆ. ರಕ್ತದಲ್ಲಿ ಥೈರಾಯ್ಡ್, ಬಿ12 ನೋಡಿದ್ರು, ಎರಡೂ ಸರಿಯಿತ್ತು. ಸಿರೊಟೋನಿನ್ ಅಳತೆ ಯಾರೂ ಮಾಡಲಿಲ್ಲ. ಆ ವರ್ಷ ಅಪ್ಪ ಹೋಗಿದ್ರು, ಶುಂಠಿ ಹಾಕಿ ಕೈ ಸುಟ್ಕೊಂಡಿದ್ವಿ, ಸಾಲ ಮೈಮೇಲಿತ್ತು. ಅದನ್ನೂ ಯಾರೂ ಕೇಳಲಿಲ್ಲ.

ಮಾತ್ರೆಯಿಂದ ನಿದ್ದೆ ಬಂತು, ಬೆಳಿಗ್ಗೆ ಎದ್ದೇಳೋದು ಸುಲಭವಾಯ್ತು, ಅದನ್ನು ಅಲ್ಲಗಳೆಯಲ್ಲ. ಆದರೆ 2022ರಲ್ಲಿ ಲಂಡನ್ನಿನ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿ, ಖಿನ್ನತೆಗೆ ಸಿರೊಟೋನಿನ್ ಕೊರತೆ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದರಂತೆ. ಈಚೆಗೆ ಅದನ್ನು ಓದಿದ ಮೇಲೆ ಮನಸ್ಸು ನಿಲ್ತಾ ಇಲ್ಲ. ಹಾಗಾದ್ರೆ ನಾನು ನುಂಗ್ತಿರೋದು ಯಾವುದಕ್ಕೆ? ತಿಳಿದವರು ಬಿಡಿಸಿ ಹೇಳಿ.

ನಿವೃತ್ತ_ಮೇಷ್ಟ್ರು_ಮೈಸೂರು

ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರದ ಪಾಠ ಮಾಡಿ ನಿವೃತ್ತನಾದವನು ನಾನು. ನೀವು ಓದಿದ್ದು ಜೊವಾನಾ ಮಾಂಕ್ರೀಫ್ ಮತ್ತು ಸಂಗಡಿಗರ ವಿಮರ್ಶೆ, 2022ರ ಜುಲೈನಲ್ಲಿ ‘ಮಾಲಿಕ್ಯುಲರ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದದ್ದು. ಅದು ಸುದ್ದಿಯಾದ ರೀತಿ ನೋಡಿದರೆ ಏನೋ ಹೊಸದಾಗಿ ಕುಸಿದುಬಿತ್ತು ಅನಿಸುತ್ತದೆ. ಹಾಗೇನಿಲ್ಲ. ಈ ಕಟ್ಟಡ ಶುರುವಿನಿಂದಲೂ ಪೂರ್ತಿ ಎದ್ದು ನಿಂತಿರಲಿಲ್ಲ.

ಕಥೆ ಹಿಂದುಮುಂದಾಗಿ ನಡೆದದ್ದು. ಮೊದಲು ಕಾರಣ ಕಂಡುಹಿಡಿದು ಆಮೇಲೆ ಔಷಧ ಮಾಡಲಿಲ್ಲ. ಔಷಧ ಆಕಸ್ಮಿಕವಾಗಿ ಸಿಕ್ಕಿತು, ಅದರ ಕೆಲಸ ನೋಡಿ ಕಾರಣ ಊಹಿಸಿದರು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟರು. ಸೋತು ಮಲಗಿದ್ದವರು ಎದ್ದು ಓಡಾಡಿ, ವಾರ್ಡಿನಲ್ಲಿ ಕುಣಿದರು. ಅದು ಮೆದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ ಎಂದು ಗೊತ್ತಾಯಿತು. ಸ್ವಿಟ್ಜರ್ಲೆಂಡಿನಲ್ಲಿ ರೋಲಾಂಡ್ ಕೂನ್, ಭ್ರಮೆ ಕಾಡುವ ಕಾಯಿಲೆಯಾದ ಸ್ಕಿಜೋಫ್ರೇನಿಯಾಕ್ಕೆಂದು ಪರೀಕ್ಷಿಸುತ್ತಿದ್ದ ಇಮಿಪ್ರಮಿನ್ ಆ ರೋಗಕ್ಕೆ ಹತ್ತಲಿಲ್ಲ, ಖಿನ್ನತೆಗೆ ಹತ್ತಿತು.

ಇನ್ನೊಂದು ಎಳೆ ನಮ್ಮ ನೆಲದ್ದೇ. ಸರ್ಪಗಂಧಿ ಗೊತ್ತಲ್ಲ? ಹುಚ್ಚಿಗೆ, ನಿದ್ದೆಗೆ ತಲೆಮಾರುಗಳಿಂದ ಕೊಡುತ್ತಿದ್ದ ಬೇರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಬಗ್ಗೆ ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮ ಎಚ್ಚೆತ್ತಿತು. 1952ರಲ್ಲಿ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ಕೊಟ್ಟ ಪ್ರಾಣಿಗಳ ಮೆದುಳಿನಲ್ಲಿ ಸಿರೊಟೋನಿನ್ ಖಾಲಿಯಾಗುತ್ತದೆ ಎಂದು 1955ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯ ತೋರಿಸಿತು. ಅದನ್ನು ತೆಗೆದುಕೊಂಡ ಕೆಲವು ರಕ್ತದೊತ್ತಡದ ರೋಗಿಗಳು ಮಂಕಾದರೆಂಬ ವರದಿಗಳೂ ಇದ್ದವು. ಖಾಲಿ ಮಾಡಿದರೆ ಮಂಕು, ತುಂಬಿದರೆ ಉಲ್ಲಾಸ. ಎರಡು ತುದಿ ಸೇರಿಸಿ ಸಿದ್ಧಾಂತ ಕಟ್ಟಿದರು.

ಆದರೆ ಅದೇ 1955ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಶೆಫರ್ಡ್ ಆತಂಕ, ಖಿನ್ನತೆ ಇದ್ದವರಿಗೆ ಇದೇ ರಿಸರ್ಪಿನ್ ಕೊಟ್ಟು, ಹುಸಿಮಾತ್ರೆಯೊಂದಿಗೆ (ಔಷಧವಿಲ್ಲದ ಮಾತ್ರೆ) ಹೋಲಿಸಿ, ಅವರು ಸುಧಾರಿಸಿದರು ಎಂದು ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು! ಸಿದ್ಧಾಂತಕ್ಕೆ ಎದುರು ನಿಲ್ಲುವ ಫಲಿತಾಂಶ. ಅದನ್ನು ಬಹುಕಾಲ ಯಾರೂ ಎತ್ತಿ ಹೇಳಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಮೆದುಳಿನ ರಾಸಾಯನಿಕದ ಸುತ್ತ ಊಹೆ ಮುಂದಿಟ್ಟಾಗ, ಬಹಳ ಸಂಕೀರ್ಣವಾದ ಸ್ಥಿತಿಯನ್ನು ಇದು ಅತಿಯಾಗಿ ಸರಳಗೊಳಿಸುತ್ತದೆ ಎಂದು ತಾವೇ ಬರೆದಿದ್ದರು. 1967ರಲ್ಲಿ ಅಲೆಕ್ ಕಾಪನ್ ಸಿರೊಟೋನಿನ್ ಕಡೆಗೆ ವಾಲಿದರು. ಇಬ್ಬರೂ ಮುಂದಿಟ್ಟದ್ದು ಊಹೆ. ಅದನ್ನು ಕ್ಲಿನಿಕ್ಕಿನಲ್ಲಿ ನಿಮಗೆ ರೋಗನಿರ್ಣಯದ ಹಾಗೆ ಹೇಳಿದ್ದಾರೆ.

ಕಡಲಾಚೆ_ಕನ್ನಡಿಗ

ಅಮೆರಿಕಕ್ಕೆ ಬಂದು ಬಹಳ ವರ್ಷವಾಯ್ತು. ಇಲ್ಲಿ ಈ ಮಾತನ್ನು ಮನೆಮನೆಗೆ ತಲುಪಿಸಿದ್ದು ಟೀವಿ. ಫ್ಲುಯೊಕ್ಸೆಟಿನ್‌ಗೆ, ಅಂದರೆ ಖಿನ್ನತೆಯ ಮಾತ್ರೆ ಪ್ರೊಜ್ಯಾಕ್‌ಗೆ, 1987ರ ಕೊನೆಯಲ್ಲಿ ಅನುಮತಿ ಸಿಕ್ಕಿತು. 1997ರಲ್ಲಿ ಟೀವಿ ಜಾಹೀರಾತಿನ ನಿಯಮ ಸಡಿಲವಾದ ಮೇಲೆ ಔಷಧ ಕಂಪನಿಗಳು ನೇರ ಜನರ ಹತ್ತಿರವೇ ಮಾತಾಡಲು ಶುರು ಮಾಡಿದವು. 2001ರ ಸುಮಾರಿಗೆ ಬರ್ತಿದ್ದ ಜೊಲೊಫ್ಟ್ ಅನ್ನೋ ಇನ್ನೊಂದು ಖಿನ್ನತೆ ಮಾತ್ರೆಯ ಜಾಹೀರಾತು ಈಗಲೂ ಕಣ್ಣಲ್ಲಿದೆ. ಮೊಟ್ಟೆಯಾಕಾರದ ಒಂದು ಬಿಳಿ ಬೊಂಬೆ ಅಳ್ತಾ ಇರುತ್ತೆ. ಕಾರಣ ಗೊತ್ತಿಲ್ಲ, ಆದರೆ ಮೆದುಳಿನ ಸಹಜ ರಾಸಾಯನಿಕಗಳ ಏರುಪೇರಿಗೆ ಸಂಬಂಧ ಇರಬಹುದು ಅಂತ ದನಿ ಹೇಳುತ್ತೆ. ‘ಗೊತ್ತಿಲ್ಲ’, ‘ಇರಬಹುದು’ ಎರಡೂ ಇದ್ದವು. ಕೇಳಿದವರ ಕಿವಿಯಲ್ಲಿ ಉಳಿದಿದ್ದು ‘ಏರುಪೇರು’ ಒಂದೇ.

2005ರಲ್ಲಿ ಲಕಾಸ್ ಮತ್ತು ಲಿಯೊ ಅನ್ನೋರು, ಜಾಹೀರಾತು ಹೇಳೋದಕ್ಕೂ ವಿಜ್ಞಾನ ಪತ್ರಿಕೆಗಳು ಹೇಳೋದಕ್ಕೂ ಇರೋ ಅಂತರವನ್ನು ಎದುರುಬದುರು ಇಟ್ಟು ತೋರಿಸಿದ್ರು. 2011ರಲ್ಲಿ ಮನೋವೈದ್ಯ ರೊನಾಲ್ಡ್ ಪೈಸ್, ತಿಳಿದ ಮನೋವೈದ್ಯರು ಈ ಮಾತನ್ನು ಗಂಭೀರವಾಗಿ ಯಾವತ್ತೂ ಮುಂದಿಟ್ಟಿರಲಿಲ್ಲ, ಅದು ಒಂದು ದಂತಕಥೆ ಅಂತ ಬರೆದ್ರು. ಅದನ್ನು ಓದಿ ನನಗೆ ಸಿಟ್ಟು ಬಂದಿತ್ತು. ನಂಬಿರಲಿಲ್ಲ ಅಂದ್ರೆ, ರೋಗಿಗಳು ನಂಬಿದಾಗ ತಿದ್ದಬೇಕಿತ್ತಲ್ಲವಾ? ಅಷ್ಟು ವರ್ಷ ಎಷ್ಟು ಜನ ಅದನ್ನೇ ನಂಬಿ ಮನೆಗೆ ಹೋದ್ರು.

ಭಾರತದಲ್ಲಿ ಶೆಡ್ಯೂಲ್ ಎಚ್ ಔಷಧಗಳನ್ನು, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡೋ ಔಷಧಗಳನ್ನು, ಹೀಗೆ ಜನರಿಗೆ ಜಾಹೀರಾತು ಮಾಡೋ ಹಾಗಿಲ್ಲ. ಆದರೂ ಮಾತು ಅಲ್ಲಿಗೂ ಬಂದಿದೆ, ಹಾಸನದ ಕ್ಲಿನಿಕ್ಕಿನವರೆಗೆ.

ಕೆಲಗೇರಿ_ದಂಡಿ

ನಮಸ್ಕಾರ ರೀ. ನಮ್ಮ ತಮ್ಮಗ ಖಿನ್ನತೆಗಂತ ವೆನ್ಲಾಫ್ಯಾಕ್ಸಿನ್ ಗುಳಿಗಿ ನಡದಿದ್ವು. ಇಂಥಾದ್ದ ಏನೋ ಓದಿ ‘ಎಲ್ಲಾ ಸುಳ್ಳ’ ಅಂತ ಹೋದ ವಾರ ತಾನ ಬಿಟ್ಟಾನ. ಈಗ ತಲಿ ತಿರಗತೈತಿ, ನಿದ್ದಿ ಇಲ್ಲ, ಸುಮ್ಮಸುಮ್ಮನ ಅಳತಾನ, ತಲಿಯೊಳಗ ಕರೆಂಟ್ ಹೊಡದಂಗ ಆಗತೈತಿ ಅಂತಾನ. ಬ್ಯಾನಿ ತಿರಗಿ ಬಂತೇನ್ರಿ? ನಮ್ಮವ್ವ ಭಾಳ ಹೆದರ್ಯಾಳ. ಏನ್ ಮಾಡೂದ್ರಿ?

ಜಿಲ್ಲಾಸ್ಪತ್ರೆ_ವೈದ್ಯೆ

ಕೆಲಗೇರಿಯವರೇ, ಮೊದಲು ನಿಮಗೆ ಉತ್ತರ. ಉಳಿದ ಚರ್ಚೆ ಕಾಯಬಹುದು.

ನಾನು ಮನೋವೈದ್ಯೆ. ನೀವು ಹೇಳಿದ ಲಕ್ಷಣಗಳು, ಅದರಲ್ಲೂ ಕರೆಂಟ್ ಹೊಡೆದ ಹಾಗೆ ಆಗುವುದು, ಈ ಮಾತ್ರೆ ಥಟ್ಟನೆ ನಿಲ್ಲಿಸಿದಾಗ ಬರುವಂಥವು. ವೆನ್ಲಾಫ್ಯಾಕ್ಸಿನ್ ಮತ್ತು ಪ್ಯಾರೊಕ್ಸೆಟಿನ್ ದೇಹದಿಂದ ಬೇಗ ಹೋಗುತ್ತವೆ, ಆದ್ದರಿಂದ ಅವುಗಳಲ್ಲಿ ಇದು ಜೋರು. ಬಿಟ್ಟ ಕೆಲವೇ ದಿನಗಳಲ್ಲಿ ಶುರುವಾದರೆ, ಕಾಯಿಲೆಗಿಂತ ಔಷಧ ಬಿಟ್ಟ ಪರಿಣಾಮವೇ ಇರುವ ಸಾಧ್ಯತೆ ಹೆಚ್ಚು. ಆದರೆ ಎದುರು ಕೂತು ನೋಡದೆ ನಾನು ಖಚಿತ ಹೇಳುವುದಿಲ್ಲ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯುವ ಮಾತೇನಾದರೂ ಬಂದರೆ ಒಬ್ಬರನ್ನೇ ಬಿಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಮೇಲಿನ ಪ್ರಶ್ನೆಗೆ. ಮೇಷ್ಟ್ರು ಹೇಳಿದ ಇತಿಹಾಸ ಸರಿ. ಖಿನ್ನತೆಯ ಕಾರಣ ಸಿರೊಟೋನಿನ್ ಕೊರತೆ ಎಂದು ನಾನು ರೋಗಿಗಳಿಗೆ ಹೇಳುವುದಿಲ್ಲ, ಹೇಳಬಾರದು. ಈ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಗಳ ಸಂದಿಯಲ್ಲಿ ಸಿರೊಟೋನಿನ್ ಏರುತ್ತದೆ, ಮನಸ್ಸು ಎದ್ದೇಳಲು ವಾರಗಳು ಬೇಕು. ಬರೀ ಕೊರತೆಯಾಗಿದ್ದರೆ ಹೀಗಾಗಬಾರದಿತ್ತು. ಸಿರೊಟೋನಿನ್ ತಯಾರಾಗಲು ಆಹಾರದಿಂದ ಬರಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಂಶವನ್ನು ಆರೋಗ್ಯವಂತರಿಗೆ ತಪ್ಪಿಸಿ ಸಿರೊಟೋನಿನ್ ಇಳಿಸಿದರೂ ಅವರಿಗೆ ಖಿನ್ನತೆ ಬರುವುದಿಲ್ಲ. ಹಿಂದೆ ಖಿನ್ನತೆ ಇದ್ದವರಲ್ಲಿ ಕೆಲವರಿಗೆ ಮಾತ್ರ ಮನಸ್ಸು ಕುಗ್ಗುತ್ತದೆ. ಅಂದರೆ ಸಿರೊಟೋನಿನ್‌ಗೂ ಮನಸ್ಸಿಗೂ ನಂಟು ಇದೆ, ಆದರೆ ‘ಕಮ್ಮಿ ಆಯ್ತು, ಕಾಯಿಲೆ ಬಂತು’ ಎಂಬಷ್ಟು ನೇರವಾಗಿಲ್ಲ. ಮಾಂಕ್ರೀಫ್ ವಿಮರ್ಶೆಯ ವಿಧಾನವನ್ನು ಪ್ರಶ್ನಿಸಿ 2023ರಲ್ಲಿ 35 ಮಂದಿ ತಜ್ಞರು ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. 2022ರಲ್ಲೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಖಿನ್ನತೆ ಇದ್ದ 17 ಜನರ ಮೆದುಳನ್ನು ಸ್ಕ್ಯಾನ್ ಮಾಡಿ ಸಿರೊಟೋನಿನ್ ಬಿಡುಗಡೆ ಕಡಿಮೆ ಇದೆ ಅಂದರು. ಸಣ್ಣ ಅಧ್ಯಯನ, ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನುವುದಕ್ಕೆ ಹೇಳಿದೆ.

ಕಾರಣದ ವಿವರಣೆ ತಪ್ಪಾದರೆ ಮಾತ್ರೆಯೇ ಸುಳ್ಳು ಎಂದಾಗುವುದಿಲ್ಲ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಹಾಗಂತ ಪ್ಯಾರಾಸಿಟಮಾಲ್ ಕೊರತೆಯಿಂದ ಜ್ವರ ಬಂತೆಂದು ಯಾರೂ ಹೇಳುವುದಿಲ್ಲ. 2018ರಲ್ಲಿ ಆಂಡ್ರಿಯಾ ಸಿಪ್ರಿಯಾನಿ ಬಳಗ 522 ಪ್ರಯೋಗಗಳ 1,16,477 ಜನರ ಮಾಹಿತಿ ಒಟ್ಟುಮಾಡಿತು. ನೋಡಿದ 21 ಔಷಧಗಳೂ ಹುಸಿಮಾತ್ರೆಗಿಂತ ಮೇಲಿದ್ದವು.

ಸಂದೇಹಿ_ಸಾಗರ

ಎಷ್ಟು ಮೇಲೆ, ಡಾಕ್ಟರೇ? ಅದನ್ನೂ ಹೇಳಿ. 2008ರಲ್ಲಿ ಇರ್ವಿಂಗ್ ಕಿರ್ಶ್ ಲೆಕ್ಕ ಹಾಕಿದಾಗ ಖಿನ್ನತೆ ಎಷ್ಟಿದೆ ಅಂತ ಅಳೆಯೋ ಹ್ಯಾಮಿಲ್ಟನ್ ಮಾಪಕದಲ್ಲಿ ವ್ಯತ್ಯಾಸ 1.8 ಅಂಕ. ಆ ಮಾಪಕದ ಗರಿಷ್ಠ 52. ರೋಗಿಗೆ ಗೊತ್ತಾಗುವಷ್ಟು ಲಾಭ ಅನ್ನೋಕೆ 3 ಅಂಕ ಬೇಕು ಅಂತ ಚಿಕಿತ್ಸೆಯ ಮಾರ್ಗಸೂಚಿ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆಯೇ ಆಗ ಹೇಳಿತ್ತು.

ಪ್ರಕಟವಾಗದ ಪ್ರಯೋಗಗಳ ವಿಷಯ ಇನ್ನೂ ಕೆಟ್ಟದ್ದು. ಅದೇ ವರ್ಷ ಎರಿಕ್ ಟರ್ನರ್, ಔಷಧಗಳಿಗೆ ಅನುಮತಿ ಕೊಡೋ ಅಮೆರಿಕದ ಎಫ್‌ಡಿಎ ಕಡತಗಳನ್ನು ತೆಗೆದು ನೋಡಿದ್ರು. 74 ಪ್ರಯೋಗ. ಅನುಕೂಲ ಅಂತ ಎಫ್‌ಡಿಎ ಒಪ್ಪಿದ್ದು 38, ಅದರಲ್ಲಿ 37 ಪ್ರಕಟವಾದ್ವು. ಉಳಿದ 36ರಲ್ಲಿ 22 ಬೆಳಕೇ ಕಾಣಲಿಲ್ಲ, 11 ಅನುಕೂಲ ಅನ್ನೋ ಹಾಗೆ ತಿರುಚಿ ಬಂದ್ವು. ಇದ್ದದ್ದು ಇದ್ದ ಹಾಗೆ ಬಂದಿದ್ದು 3. ನಿಮ್ಮ ಕೈಗೆ ಬರೋ ಪತ್ರಿಕೆಯೇ ಹೀಗೆ ಜರಡಿಯಾಗಿ ಬಂದರೆ ಒಳ್ಳೇ ವೈದ್ಯರೂ ಏನು ಮಾಡ್ತಾರೆ?

ಇದೆಲ್ಲ ಗೊತ್ತಿದ್ದೂ ಜನರಿಗೆ ‘ಇನ್ಸುಲಿನ್ ಇದ್ದ ಹಾಗೆ’ ಅಂತ ಹೇಳೋದು ದ್ರೋಹ. ಆ ಮಾತು ಕೇಳಿದವನು ಜೀವನಪೂರ್ತಿ ಬಿಡಬಾರದು ಅಂತ ಅಂದ್ಕೋತಾನೆ.

ಜಿಲ್ಲಾಸ್ಪತ್ರೆ_ವೈದ್ಯೆ

ಅಂಕಿಗಳು ಸರಿ, ಒಪ್ಪುತ್ತೇನೆ. ಸಿಪ್ರಿಯಾನಿಯವರೂ ಲಾಭ ಸಾಧಾರಣ ಪ್ರಮಾಣದ್ದೆಂದೇ ಹೇಳಿದ್ದಾರೆ, ಹೆಚ್ಚಿನ ಪ್ರಯೋಗಗಳು ಸುಮಾರು 8 ವಾರದವು. ಆದರೆ ಸರಾಸರಿ ಎಂದರೆ ಎಲ್ಲರಿಗೂ ಅಷ್ಟೇ ಎಂದಲ್ಲ. ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಎದ್ದು ಕೆಲಸಕ್ಕೆ ಹೋದದ್ದನ್ನು ನಾನು ಕಂಡಿದ್ದೇನೆ. ಏನೂ ಆಗದವರನ್ನೂ ಕಂಡಿದ್ದೇನೆ. ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಮುಂಚೆ ಹೇಳುವ ಪರೀಕ್ಷೆ ನಮ್ಮ ಹತ್ತಿರ ಇಲ್ಲ.

ಜೀವನಪೂರ್ತಿ ಎನ್ನುವುದರ ಬಗ್ಗೆ 2021ರ ಇಂಗ್ಲೆಂಡಿನ ಆಂಟ್ಲರ್ ಪ್ರಯೋಗ ನೋಡಿ. ಬಹುಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಾ, ಈಗ ಚೆನ್ನಾಗಿದ್ದೇವೆ, ಬಿಡಬಹುದು ಎಂದುಕೊಂಡ 478 ಜನ. ಒಂದು ವರ್ಷದಲ್ಲಿ, ಮುಂದುವರಿಸಿದವರಲ್ಲಿ 39% ಜನರಿಗೆ ಖಿನ್ನತೆ ಮರಳಿತು, ನಿಧಾನವಾಗಿ ಬಿಟ್ಟವರಲ್ಲಿ 56%. ಮುಂದುವರಿಸುವುದರಿಂದ ರಕ್ಷಣೆ ಇದೆ. ಬಿಟ್ಟವರಲ್ಲೂ 44% ಜನ ಆ ವರ್ಷ ಚೆನ್ನಾಗಿಯೇ ಇದ್ದರು. ರೋಗಿಯ ಮುಂದೆ ಎರಡೂ ಅಂಕಿ ಇಡಬೇಕು, ತೀರ್ಮಾನ ಅವರದ್ದೂ ಆಗಬೇಕು.

ಕುಂದಾಪುರದ_ತಂಗಿ

ಇಷ್ಟು ಹೊತ್ತು ಓದ್ತಾ ಇದ್ದೆ. ನನ್ನಣ್ಣನಿಗೆ ಸ್ಕಿಜೋಫ್ರೇನಿಯಾ. ಅವನಿಗೆ ದನಿಗಳು ಕೇಳಲು ಶುರುವಾದಾಗ ನಮ್ಮ ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದ್ದರು. ಮಾಟ, ನಾಗದೋಷ, ಕಡೆಗೆ ‘ಅಮ್ಮ ಅತಿ ಮುದ್ದು ಮಾಡಿದ್ದು’. ಅಮ್ಮ ವರ್ಷಗಟ್ಟಲೆ ತನ್ನನ್ನೇ ಹಳಿದುಕೊಂಡಳು. ಇದು ಮೆದುಳಿನ ರಾಸಾಯನಿಕದ ತೊಂದರೆ, ನಿಮ್ಮ ತಪ್ಪಲ್ಲ ಎಂದು ಒಬ್ಬ ಡಾಕ್ಟರು ಹೇಳಿದ ದಿನ ಅವಳು ಅತ್ತಳು. ಮನೆಯಲ್ಲಿ ಗಾಳಿ ಬಂದ ಹಾಗಾಯ್ತು.

ನಿಮಗೆ ಅದು ತಪ್ಪು ಸಿದ್ಧಾಂತ ಇರಬಹುದು. ನಮಗೆ ಅದು ಕೊಟ್ಟದ್ದನ್ನು ಕಿತ್ತುಕೊಳ್ಳುವ ಮುಂಚೆ, ಅದರ ಜಾಗದಲ್ಲಿ ಏನು ಇಡ್ತೀರಿ ಹೇಳಿ. ಅಣ್ಣ ಔಷಧ ಬಿಟ್ಟಾಗಲೆಲ್ಲ ಏನಾಗಿದೆ ಅಂತ ನಾವು ಕಂಡವರು.

ಆಪ್ತಸಮಾಲೋಚಕಿ_ತುಮಕೂರು

ತಂಗಿ, ನಿಮ್ಮಮ್ಮನ ವಿಷಯ ಓದಿ ಹೊಟ್ಟೆ ಉರಿಯಿತು. ತಾಯಂದಿರ ತಲೆಗೆ ಕಟ್ಟಿದ್ದು ನೆರೆಹೊರೆಯವರು ಮಾತ್ರ ಅಲ್ಲ. 1948ರಲ್ಲಿ ಅಮೆರಿಕದ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಖ್‌ಮನ್, ತಾಯಿಯ ನಡತೆ ಸ್ಕಿಜೋಫ್ರೇನಿಯಾ ಹುಟ್ಟಿಸುತ್ತದೆ ಎಂಬ ಅರ್ಥದಲ್ಲಿ ಬರೆದರು, ದಶಕಗಳ ಕಾಲ ತಜ್ಞರೇ ಅದನ್ನು ಹೇಳಿಕೊಂಡು ಬಂದರು. ಅದಕ್ಕೆ ಹೋಲಿಸಿದರೆ ರಾಸಾಯನಿಕದ ಮಾತು ಎಷ್ಟೋ ಮನೆಗಳಿಗೆ ಬಿಡುಗಡೆ ಕೊಟ್ಟಿತು, ನಿಜ.

ಆದರೆ ಆ ಬಿಡುಗಡೆಗೆ ಬೆಲೆಯೂ ಇದೆ. ಅಮೆರಿಕದಲ್ಲಿ 1996ರಿಂದ 2006ರ ನಡುವೆ ಮಾನಸಿಕ ಕಾಯಿಲೆಯನ್ನು ಮೆದುಳಿನ ಕಾಯಿಲೆ ಎಂದು ನಂಬುವವರು ಹೆಚ್ಚಾದರು. ರೋಗಿಯನ್ನು ನೆರೆಮನೆಯಲ್ಲಿ, ಮದುವೆಯ ಸಂಬಂಧದಲ್ಲಿ ಒಪ್ಪಿಕೊಳ್ಳಲು ಇದ್ದ ಹಿಂಜರಿಕೆ ಕಮ್ಮಿಯಾಗಲಿಲ್ಲ. 2014ರ ಇನ್ನೊಂದು ಪ್ರಯೋಗ ನಾನು ಮರೆಯಲಾರೆ. ಹಿಂದೆ ಖಿನ್ನತೆ ಅನುಭವಿಸಿದ್ದ ವಿದ್ಯಾರ್ಥಿಗಳಿಗೆ ಹುಸಿ ಪರೀಕ್ಷೆ ಮಾಡಿ, ಕೆಲವರಿಗೆ ‘ನಿಮ್ಮದು ರಾಸಾಯನಿಕ ಏರುಪೇರು’ ಅಂದರು. ತಮ್ಮನ್ನು ತಾವು ಹಳಿದುಕೊಳ್ಳುವುದು ಅವರಲ್ಲಿ ಕಡಿಮೆಯಾಗಲಿಲ್ಲ. ಚೇತರಿಸಿಕೊಳ್ಳುತ್ತೇವೆ ಎಂಬ ನಂಬಿಕೆ ಕುಸಿಯಿತು. ‘ನನ್ನ ಮೆದುಳೇ ಹಾಳು, ನಾನೇನು ಮಾಡಲಿ’ ಎಂದು ನನ್ನ ಮುಂದೆ ಕೂತು ಹೇಳುವವರು ಎಷ್ಟೋ ಜನ.

ಜಾಗದಲ್ಲಿ ಏನಿಡಬೇಕು ಅಂದಿರಲ್ಲ. ನಾನು ಹೇಳುವುದು ಹೀಗೆ: ಇದು ನಿಮ್ಮ ತಪ್ಪಲ್ಲ. ವಂಶವಾಹಿಯ ಪಾಲಿದೆ, ಬದುಕಿನಲ್ಲಿ ನಡೆದದ್ದರ ಪಾಲಿದೆ, ಯಾರಲ್ಲಿ ಎಷ್ಟೆಷ್ಟು ಎಂದು ಅಳೆಯಲು ಇವತ್ತು ಆಗುವುದಿಲ್ಲ. ಸಹಾಯ ಮಾಡುವ ದಾರಿಗಳು ಒಂದಕ್ಕಿಂತ ಹೆಚ್ಚು ಇವೆ. ನಿಮ್ಮ ಊರಿನ ಪಕ್ಕದ ಕೋಟದಲ್ಲೇ ಮೋರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ವರ್ಷಗಳ ಕಾಲ ಅಧ್ಯಯನ ಮಾಡಿದ್ದರು, 1976ರಲ್ಲಿ ಪ್ರಕಟವಾಯಿತು. ಮನೆಮನೆಯಲ್ಲಿ ಮನಸ್ಸಿನ ತೊಂದರೆಯನ್ನು ಲೆಕ್ಕ ಹಾಕುವಾಗ, ಬದಲಾಗುತ್ತಿದ್ದ ಊರಿನ ಬದುಕನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಿದರು. ಹೇಮಾವತಿಯವರ ಶುಂಠಿ, ಸಾಲ, ಅಪ್ಪನ ಸಾವು ಈ ಪಕ್ಕದಲ್ಲಿಡುವ ವಿಷಯಗಳೇ.

ಮಾತಿನ ಚಿಕಿತ್ಸೆ ಪೇಟೆಯವರಿಗೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸ್ಥಳೀಯರೇ ಆರೆಂಟು ಸಲ ಕೂತು ಮಾತಾಡಿ ತೀವ್ರ ಖಿನ್ನತೆಯವರಿಗೆ ನೆರವಾಗಬಹುದು ಎಂದು 2017ರಲ್ಲಿ ವಿಕ್ರಮ್ ಪಟೇಲ್ ಬಳಗ ತೋರಿಸಿತು.

ನಿವೃತ್ತ_ಮೇಷ್ಟ್ರು_ಮೈಸೂರು

ಕುಂದಾಪುರದ ತಂಗಿಗೆ ಒಂದು ಮಾತು. ಸ್ಕಿಜೋಫ್ರೇನಿಯಾದ ವಿಷಯದಲ್ಲಿ ಪುರಾವೆ ಖಿನ್ನತೆಗಿಂತ ಗಟ್ಟಿ. ಭ್ರಮೆ ಜೋರಾಗಿರುವ ಹೊತ್ತಿನಲ್ಲಿ ಮೆದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ತಯಾರಿಕೆ ಸರಾಸರಿಯಲ್ಲಿ ಹೆಚ್ಚಿರುವುದು ಸ್ಕ್ಯಾನುಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದೂ ಪೂರ್ತಿ ಕಥೆಯಲ್ಲ. ಬೇರೆ ಔಷಧಕ್ಕೆ ಜಗ್ಗದವರಿಗೆ ಕೊಡುವ ಕ್ಲೋಜಪಿನ್ ನರಕೋಶದ ಮೇಲೆ ಡೋಪಮೈನ್ ಬಂದು ಕೂರುವ ಗ್ರಾಹಕವನ್ನು ಬಿಗಿಯಾಗಿ ಹಿಡಿಯುವುದೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ಔಷಧ ನೇರವಾಗಿ ಕೆಲಸ ಮಾಡುವುದು ಮಸ್ಕರಿನಿಕ್ ಎಂಬ ಬೇರೆಯೇ ಗ್ರಾಹಕಗಳ ಮೇಲೆ. ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ ಬೈಪೋಲಾರ್‌ಗೆ ಕೊಡುವ ಲಿಥಿಯಂ ಅಂತೂ ಒಂದು ಧಾತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅದರ ಗುಣ ಕಂಡರು. ಲಿಥಿಯಂ ಕೊರತೆಯಿಂದ ಆ ಕಾಯಿಲೆ ಬಂತೆಂದು ಯಾರೂ ಹೇಳಿಲ್ಲ, ಆದರೂ ಅದು ಎಷ್ಟೋ ಜೀವ ಉಳಿಸಿದೆ. ನಿಮ್ಮಣ್ಣನ ಔಷಧಕ್ಕೆ ಬೆಲೆ ಬರುವುದು ಅವನು ಅದರಿಂದ ಹೇಗಿದ್ದಾನೆ ಅನ್ನುವುದರಿಂದ.

ನಿಜವಾದ ಕೊರತೆ ಹೇಗಿರುತ್ತದೆ ಅನ್ನುವುದೂ ಗೊತ್ತಿರಲಿ. ಪೆಲಾಗ್ರಾ ಎಂಬ ಕಾಯಿಲೆ. ನಯಾಸಿನ್ ಎಂಬ ಬಿ ಜೀವಸತ್ವದ ಅಭಾವದಿಂದ ಚರ್ಮ ಸುಲಿಯುತ್ತದೆ, ಭೇದಿ ಆಗುತ್ತದೆ, ಬುದ್ಧಿ ಕೆಡುತ್ತದೆ. ಜೋಳವೇ ಮುಖ್ಯ ಆಹಾರವಾಗಿದ್ದ ದಖನ್ನಿನ ಬಡವರಲ್ಲಿ ಇದು ಇತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಶ್ರೀಕಾಂತಿಯಾ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೂ ಇದಕ್ಕೂ ಸಂಬಂಧವಿದೆ ಎಂದು 1960ರಲ್ಲಿ ಬರೆದರು. ನಯಾಸಿನ್ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುವುದು ಶವಪರೀಕ್ಷೆಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಥೈರಾಯ್ಡ್ ಇಳಿದು ಮಂಕಾದವರಿಗೆ ರಕ್ತಪರೀಕ್ಷೆ ಇದೆ. ಖಿನ್ನತೆಯಲ್ಲಿ ಸಿರೊಟೋನಿನ್‌ಗೆ ಇಂಥ ಒಂದು ಪುರಾವೆಯನ್ನೂ ಇಷ್ಟು ವರ್ಷಗಳಲ್ಲಿ ಯಾರೂ ತೋರಿಸಲಾಗಿಲ್ಲ.

ಕೆಲಗೇರಿ_ದಂಡಿ

ಡಾಕ್ಟರ್ ಕಡೆ ಕರಕೊಂಡ ಹೋಗಿದ್ದೆ ರೀ. ಗುಳಿಗಿ ಮತ್ತ ಚಾಲೂ ಮಾಡ್ಯಾರ. ತಲಿ ತಿರಗೂದು ನಿಂತೈತಿ, ರಾತ್ರಿ ಮಲಗ್ಯಾನ. ಬಿಡೂದಿದ್ರ ತಿಂಗಳಾನುಗಟ್ಟಲೆ ತಡದು ಸಾವಕಾಶ ಬಿಡೂಣು ಅಂದ್ರು. ಭಾಳ ಉಪಕಾರ ಆತ್ರಿ ಎಲ್ಲಾರದೂ.

ಹೇಮಾವತಿ_ಬಯಲು

ಕೆಲಗೇರಿಯವರೇ, ಓದಿ ನನಗೂ ಸಮಾಧಾನವಾಯ್ತು. ನಾನು ಮುಂದಿನ ಸಲ ನಮ್ಮ ಡಾಕ್ಟರ ಹತ್ತಿರ ಏನು ಕೇಳಬೇಕು? ಅವರು ಒಳ್ಳೆಯವರು, ಆದರೆ ಹೊರಗೆ ಯಾವಾಗಲೂ ಉದ್ದ ಸಾಲು. ಇನ್ನೊಂದು, ಮೂತ್ರ ಕಳಿಸಿದ್ರೆ ಸಿರೊಟೋನಿನ್, ಡೋಪಮೈನ್ ಎಲ್ಲ ಅಳೆದು ಕೊಡ್ತೀವಿ ಅಂತ ಒಂದು ಜಾಹೀರಾತು ಬಂತು. ಮಾಡಿಸಲಾ?

ಜಿಲ್ಲಾಸ್ಪತ್ರೆ_ವೈದ್ಯೆ

ಸಾಲು ಉದ್ದ ಇರುವುದೇ ನಮ್ಮ ದೊಡ್ಡ ಕಷ್ಟ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ ಇದ್ದವರಲ್ಲಿ ಸುಮಾರು 85% ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಿಕ್ಕವರಿಗೂ ಕೆಲವೇ ನಿಮಿಷ. ‘ಕೆಮಿಕಲ್ ಕಮ್ಮಿ’ ಎಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಅದಕ್ಕೇ ಆ ಮಾತು ಇನ್ನೂ ಬದುಕಿದೆ ಎಂದು ನನಗನ್ನಿಸುತ್ತದೆ.

ನೀವು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈ ಮಾತ್ರೆ ಇನ್ನೂ ಎಷ್ಟು ಕಾಲ, ಯಾಕೆ ಅಷ್ಟು ಕಾಲ ಅಂತ ಕೇಳಿ. ಹಿಂದೆ ಎಷ್ಟು ಸಲ ಹೀಗಾಗಿತ್ತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಅದನ್ನು ನೀವೇ ಮುಂದಾಗಿ ಹೇಳಿ. ಅಪ್ಪನ ಸಾವು, ಸಾಲದ ವಿಷಯವನ್ನೂ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಜೊತೆಗೆ ಆಪ್ತಸಮಾಲೋಚನೆ ಎಲ್ಲಿ ಸಿಗುತ್ತದೆ ಕೇಳಿ. ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಯನ್ನೇ ಮೊದಲ ಚಿಕಿತ್ಸೆಯಾಗಿ ಎಲ್ಲರಿಗೂ ಕೊಡಬೇಡಿ ಎಂದು ನೈಸ್ 2022ರಲ್ಲಿ ಹೇಳಿದೆ, ನಿಮ್ಮದು ಆಗ ಎಷ್ಟು ತೀವ್ರವಾಗಿತ್ತೋ ಅವರಿಗೆ ಗೊತ್ತಿರುತ್ತದೆ.

ಬಿಡುವುದೆಂದು ಇಬ್ಬರೂ ಒಪ್ಪಿದರೆ, ಕೊನೆಯ ಸಣ್ಣ ಡೋಸುಗಳಲ್ಲಿ ಹೆಚ್ಚು ನಿಧಾನ ಬೇಕು. ಡೋಸಿಗೂ ಮೆದುಳಿನ ಮೇಲಿನ ಪರಿಣಾಮಕ್ಕೂ ಇರುವ ಸಂಬಂಧ ನೇರಗೆರೆಯಲ್ಲ. 20 ಮಿ.ಗ್ರಾಂನಿಂದ 10ಕ್ಕೆ ಇಳಿದಾಗ ಬದಲಾಗುವುದು ಕಡಿಮೆ, 5ರಿಂದ ಸೊನ್ನೆಗೆ ಹಾರಿದಾಗ ಬಹಳ. ಇದನ್ನು ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ವಿವರಿಸಿದರು. ದಿನ ಬಿಟ್ಟು ದಿನ ನುಂಗುವ ಪದ್ಧತಿ ಬೇಡ, ಮಟ್ಟ ಏರಿಳಿದು ತೊಂದರೆ ಕೊಡುತ್ತದೆ.

ನಿವೃತ್ತ_ಮೇಷ್ಟ್ರು_ಮೈಸೂರು

ಮೂತ್ರದ ಪರೀಕ್ಷೆಗೆ ದುಡ್ಡು ಹಾಕಬೇಡಿ. ದೇಹದ ಸಿರೊಟೋನಿನ್‌ನಲ್ಲಿ ಸುಮಾರು 90% ಇರುವುದು ಕರುಳಿನಲ್ಲಿ. ರಕ್ತದಲ್ಲಿರುವ ಸಿರೊಟೋನಿನ್ ಮೆದುಳಿನ ತಡೆಗೋಡೆ ದಾಟುವುದಿಲ್ಲ. ಮೂತ್ರದಲ್ಲಿ ಎಷ್ಟು ಬಂತು ಅನ್ನುವುದರಿಂದ ನಿಮ್ಮ ಮೆದುಳಿನಲ್ಲಿ ಏನು ನಡೆದಿದೆ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಥೈರಾಯ್ಡ್, ಬಿ12 ನೋಡಿದ್ದಾರಲ್ಲ, ಅವು ಅರ್ಥವಿರುವ ಪರೀಕ್ಷೆಗಳು. ಆ ವರದಿಗಳು ಹಳೆಯವಾಗಿದ್ದರೆ ಮತ್ತೊಮ್ಮೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.